ಎರಡು ವಿಸಲ್, ಎರಡು ದಿಕ್ಕು: ಬ್ಯಾಸ್ಕೆಟ್‌ಬಾಲ್‌ನಲ್ಲಿ ಔಟ್ ತೀರ್ಪು ಎಲ್ಲಿ ಕೆಡುತ್ತದೆ?

ಚೆಂಡು ಸೈಡ್‌ಲೈನ್ ದಾಟಿತು. ಇಬ್ಬರು ರೆಫರಿಗಳೂ ಒಟ್ಟಿಗೆ ವಿಸಲ್ ಊದಿದೆವು. ನಾನು ಎಡಕ್ಕೆ ಕೈ ತೋರಿಸಿದೆ, ಜೊತೆಗಾರ ಬಲಕ್ಕೆ ತೋರಿಸಿದ. ಒಂದು ಕ್ಷಣ ಇಡೀ ಕೋರ್ಟ್ ಸುಮ್ಮನಾಯಿತು. ಆಮೇಲೆ ಎರಡೂ ಬೆಂಚುಗಳು ಎದ್ದು ನಿಂತವು.

ಅದೊಂದು ಕಾಲೇಜು ಟೂರ್ನಿ. ಸಿಮೆಂಟ್ ಕೋರ್ಟ್, ನಾಲ್ಕನೇ ಕ್ವಾರ್ಟರ್, ಒಂದೂವರೆ ನಿಮಿಷ ಬಾಕಿ, ಎರಡು ಪಾಯಿಂಟ್ ವ್ಯತ್ಯಾಸ. ಆ ರಾತ್ರಿ ಮನೆಗೆ ಹೋಗುವಾಗ ನನ್ನ ಕಣ್ಣೇ ಕೈಕೊಟ್ಟಿತು ಅಂದುಕೊಂಡೆ. ಕನ್ನಡಕದ ನಂಬರ್ ಕೂಡ ಪರೀಕ್ಷೆ ಮಾಡಿಸಿದೆ. ನಂಬರ್ ಸರಿಯಾಗೇ ಇತ್ತು. ನಿಜವಾದ ಕಾರಣ ತಿಳಿಯಲು ಇನ್ನೆರಡು ಸೀಸನ್ ಹಿಡಿಯಿತು: ಆ ಗೆರೆ ಆ ಹೊತ್ತಿನಲ್ಲಿ ನನ್ನದಾಗಿರಲೇ ಇಲ್ಲ.

ಔಟ್ ತೀರ್ಪು ತಪ್ಪಾದಾಗ ಎಲ್ಲರೂ ಕಣ್ಣನ್ನು ಬೈಯುತ್ತಾರೆ. ನಾನು ಕಂಡಂತೆ ಹೆಚ್ಚಿನ ಸಲ ತಪ್ಪು ಆಗಿಹೋಗಿರುವುದು ಚೆಂಡು ಗೆರೆ ದಾಟುವ ಮುಂಚೆಯೇ. ನಿಂತ ಜಾಗದಲ್ಲಿ ಆಗಿರುತ್ತದೆ, ಇಲ್ಲವೇ ಜೊತೆಗಾರನ ಜೊತೆ ಮಾತಾಡದೆ ಬಿಟ್ಟದ್ದರಲ್ಲಿ. ಹಾಗಾಗಿ ಇದನ್ನು ಕೆಟ್ಟ ಮೋಟರ್ ರಿಪೇರಿ ಮಾಡುವ ಹಾಗೆ ನೋಡೋಣ. ಯಾವ ಸದ್ದು ಬರುತ್ತಿದೆ ಅಂತ ಮೊದಲು ಕೇಳೋಣ, ಆಮೇಲೆ ಬಿಚ್ಚೋಣ. ನಮ್ಮ ಕಡೆ ಕಾಲೇಜು, ಕ್ಲಬ್ ಪಂದ್ಯಗಳಲ್ಲಿ ಸಾಮಾನ್ಯವಾಗಿ ಇಬ್ಬರೇ ರೆಫರಿಗಳು ಇರುತ್ತಾರೆ. ಹೀಗಾಗಿ ಹೆಚ್ಚಿನ ಮಾತು ಆ ಜೋಡಿಯ ಬಗ್ಗೆಯೇ.

ಬಿಚ್ಚುವ ಮುಂಚೆ: ಗೆರೆಯ ಪ್ರಶ್ನೆಯೋ, ಕೈಯ ಪ್ರಶ್ನೆಯೋ?

ಒಂದು ಔಟ್ ತೀರ್ಪಿನೊಳಗೆ ಎರಡು ಪ್ರಶ್ನೆಗಳಿವೆ. ಚೆಂಡು ಔಟ್ ಆಯಿತೇ? ಆಗಿದ್ದರೆ ಕೊನೆಗೆ ತಾಗಿದ್ದು ಯಾರಿಗೆ (ಚೆಂಡು ಅವನ ಎದುರಾಳಿ ತಂಡಕ್ಕೆ)? ಮೊದಲನೆಯದು ಗೆರೆಯ ಪ್ರಶ್ನೆ, ಎರಡನೆಯದು ಕೈಯ ಪ್ರಶ್ನೆ.

ತೊಡಕು ಏನೆಂದರೆ, ಇವೆರಡಕ್ಕೂ ಬೇಕಾದ ಜಾಗ ಬೇರೆ ಬೇರೆ. ಗೆರೆ ಸರಿಯಾಗಿ ಕಾಣಬೇಕಾದರೆ ಗೆರೆಯ ಉದ್ದಕ್ಕೂ ನೋಡಬೇಕು. ಗಾರೆ ಕೆಲಸದವರು ನೂಲು ಕಟ್ಟಿ, ಒಂದು ಕಣ್ಣು ಮುಚ್ಚಿ, ಗೋಡೆಯ ತುದಿಯಿಂದ ನೋಡುತ್ತಾರಲ್ಲ, ಹಾಗೆ. ಗೆರೆಯ ಅಗಲ ಬರೀ 5 ಸೆಂಟಿಮೀಟರ್, ಅದೂ ಆಟದ ಜಾಗಕ್ಕೆ ಸೇರಿದ್ದಲ್ಲ. ಗೆರೆ ಮುಟ್ಟಿದರೇ ಔಟ್. ಶೂ ತುದಿ ಗೆರೆಗೆ ತಾಗಿತೋ ಇಲ್ಲವೋ ಅನ್ನುವುದು ಅಡ್ಡದಿಂದ ನೋಡಿದರೆ ಗೊತ್ತಾಗುವುದಿಲ್ಲ.

ಕೈಯ ಪ್ರಶ್ನೆಗೆ ಬೇಕಾಗಿರುವುದು ಇಬ್ಬರು ಆಟಗಾರರ ನಡುವಿನ ಸಂದು. ಚೆಂಡಿನ ಮೇಲೆ ಕೆಂಪಿನವನ ಬೆರಳಿತ್ತೋ ನೀಲಿಯವನದೋ ಅಂತ ಕಾಣಬೇಕಾದರೆ ಆ ಸಂದಿನಲ್ಲಿ ಬೆಳಕು ಕಾಣಬೇಕು. ಗೆರೆಯ ಉದ್ದಕ್ಕೆ ನೋಡುತ್ತಿರುವವನಿಗೆ ಇಬ್ಬರ ಬೆನ್ನೂ ಒಂದರ ಹಿಂದೊಂದು ಬಂದು ಗೋಡೆ ಕಟ್ಟಿಬಿಡುತ್ತವೆ. ಎದುರು ಬದಿಯಲ್ಲಿ ನಿಂತ ಜೊತೆಗಾರನಿಗೆ ಅದೇ ಸಂದು ಬಾಗಿಲಿನ ಹಾಗೆ ತೆರೆದಿರುತ್ತದೆ.

ಅಂದರೆ ಗೆರೆಯ ಯಜಮಾನನಿಗೆ ಕೈ ಕಾಣದೆ ಹೋಗುವುದು ಮಾಮೂಲಿ ಸಂಗತಿ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಹೊಸ ರೆಫರಿಗಳು ಇದನ್ನು ಒಪ್ಪುವುದೇ ಇಲ್ಲ. ನಾನೂ ಒಪ್ಪಿರಲಿಲ್ಲ.

ಲಕ್ಷಣ: ಎರಡು ವಿಸಲ್, ಎರಡು ದಿಕ್ಕು

ಎಲ್ಲಕ್ಕಿಂತ ಜಾಸ್ತಿ ಮಾನ ಕಳೆಯುವ ದೋಷ ಇದೇ. ಕಾರಣ ಮಾತ್ರ ಸರಳ. ಇದು ನನ್ನ ಗೆರೆ ಅಂತ ಇಬ್ಬರೂ ಅಂದುಕೊಂಡಿರುತ್ತಾರೆ.

ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ ಫಿಬಾದ ಪದ್ಧತಿಯಲ್ಲಿ ಇಬ್ಬರೇ ಇದ್ದಾಗ ಒಬ್ಬ ಲೀಡ್, ಇನ್ನೊಬ್ಬ ಟ್ರೇಲ್. ಲೀಡ್ ಬೇಸ್‌ಲೈನಿನ ಹೊರಗೆ, ಬುಟ್ಟಿಯ ಕಡೆ ಇರುತ್ತಾನೆ. ಟ್ರೇಲ್ ಆಟದ ಹಿಂದೆ, ಸೈಡ್‌ಲೈನಿನ ಹತ್ತಿರ ಇರುತ್ತಾನೆ. ಬೇಸ್‌ಲೈನ್ ಲೀಡ್‌ನದು, ನಡುಗೆರೆ ಟ್ರೇಲ್‌ನದು. ಸೈಡ್‌ಲೈನ್‌ಗಳಿಗೆ ನಾನು ಹುಡುಗರಿಗೆ ಹೇಳಿಕೊಡುವುದು ಒಂದೇ ಮಾತು: ಎಡಗೈ ಚಾಚು. ಇಬ್ಬರೂ ಆಟದ ಕಡೆಗೆ ಮುಖ ಮಾಡಿ ನಿಂತರೆ, ಅವರವರ ಎಡಗೈ ಕಡೆಯ ಸೈಡ್‌ಲೈನ್ ಅವರವರದು. ಇಬ್ಬರೂ ಎದುರುಬದುರು ನಿಂತಿರುವುದರಿಂದ ಎರಡು ಎಡಗೈಗಳಿಗೆ ಎರಡು ಬೇರೆ ಗೆರೆಗಳು ಸಿಗುತ್ತವೆ.

ಇದರಲ್ಲಿ ಒಂದು ಸೊಗಸು ಇದೆ. ಆಟ ತಿರುಗಿ ಎದುರು ಬುಟ್ಟಿಯ ಕಡೆ ಓಡಿದಾಗ ಟ್ರೇಲ್ ಲೀಡ್ ಆಗುತ್ತಾನೆ, ಲೀಡ್ ಟ್ರೇಲ್ ಆಗುತ್ತಾನೆ. ಹೆಸರು ಬದಲಾಯಿತು, ಬೇಸ್‌ಲೈನ್ ಬದಲಾಯಿತು. ಸೈಡ್‌ಲೈನ್ ಮಾತ್ರ ಬದಲಾಗುವುದಿಲ್ಲ. ಬೇಕಿದ್ದರೆ ಕಾಗದದ ಮೇಲೆ ಬರೆದು ನೋಡಿ. ಹತ್ತು ಸಲ ಮೇಲೆ ಕೆಳಗೆ ಓಡಿದರೂ ಸ್ಕೋರ್ ಬರೆಯುವವರ ಟೇಬಲ್ ಕಡೆಯ ಗೆರೆ ಒಬ್ಬನದೇ, ಎದುರು ಗೆರೆ ಇನ್ನೊಬ್ಬನದೇ.

ಈಗ ಒಂದು ಫೌಲ್ ಆಗಲಿ. ಫೌಲ್ ಕೊಟ್ಟವನು ಟೇಬಲ್‌ಗೆ ಹೇಳಿ ಬರುತ್ತಾನೆ, ಇಬ್ಬರೂ ಜಾಗ ಬದಲಾಯಿಸಿಕೊಳ್ಳುತ್ತಾರೆ. ಆ ಕ್ಷಣಕ್ಕೆ ಸೈಡ್‌ಲೈನ್‌ಗಳು ಅದಲುಬದಲಾಗುತ್ತವೆ. ಐದು ನಿಮಿಷದಿಂದ ಟೇಬಲ್ ಕಡೆಯ ಗೆರೆ ಕಾಯುತ್ತಿದ್ದವನ ತಲೆಯಲ್ಲಿ ಇನ್ನೂ ಅದೇ ಗೆರೆ ಕೂತಿರುತ್ತದೆ. ಮುಂದಿನ ಮೂವತ್ತು ಸೆಕೆಂಡಿನಲ್ಲಿ ಚೆಂಡು ಆ ಕಡೆ ಔಟ್ ಆದರೆ ಜೋಡಿ ವಿಸಲ್ ಗ್ಯಾರಂಟಿ.

ನನ್ನ ಕಾಲೇಜು ಟೂರ್ನಿಯಲ್ಲಿ ಆದದ್ದು ಇದೇ. ಅರ್ಧ ನಿಮಿಷದ ಹಿಂದೆ ನಾನೇ ಒಂದು ಫೌಲ್ ಕೊಟ್ಟಿದ್ದೆ. ಜಾಗ ಬದಲಾಗಿತ್ತು. ಕಾಲು ಬಂದಿತ್ತು, ತಲೆ ಬಂದಿರಲಿಲ್ಲ.

ರಿಪೇರಿ: ಜಾಗ ಬದಲಾದಾಗಲೆಲ್ಲ, ಚೆಂಡು ಆಟಕ್ಕೆ ಬರುವ ಮುಂಚೆ, ನಿಮ್ಮ ಹೊಸ ಗೆರೆಯನ್ನು ಒಮ್ಮೆ ನೋಡಿ. ಬರೀ ಅಂದುಕೊಂಡರೆ ಸಾಲದು, ಕತ್ತು ತಿರುಗಿಸಿ ನೋಡಿ. ಆಮೇಲೆ ಜೊತೆಗಾರನ ಕಣ್ಣು ನೋಡಿ. ಗೆರೆಯ ಹೊರಗಿನಿಂದ ಒಳಗೆ ಎಸೆಯುವ ಥ್ರೋ-ಇನ್‌ಗೆ ಚೆಂಡು ಕೊಡಲು ಒಬ್ಬ ಬದಿ ದಾಟಿದಾಗಲೂ ಇದೇ ಮಾತು. ಇನ್ನೊಬ್ಬ ಎದುರು ಬದಿಗೆ ಸರಿಯಬೇಕು, ಹತ್ತೂ ಆಟಗಾರರು ಇಬ್ಬರ ನಡುವೆ ಇರಬೇಕು. ಒಂದೇ ಬದಿಯಲ್ಲಿ ಇಬ್ಬರೂ ನಿಂತರೆ ಎದುರು ಗೆರೆ ಅನಾಥ.

ಇಷ್ಟಾದರೂ ಜೋಡಿ ವಿಸಲ್ ಬಂದೇ ಬಂತು ಅನ್ನಿ. ಆಗ ದಿಕ್ಕು ತೋರಿಸುವ ಮೊದಲು ಒಂದು ಉಸಿರು ಕಾಯಿರಿ. ವಿಸಲ್, ಬೆರಳು ಸೇರಿಸಿದ ಅಂಗೈ ಮೇಲೆ. ಗಡಿಯಾರ ನಿಂತಿತು. ಅಲ್ಲಿಗೆ ನಿಲ್ಲಿ. ಗೆರೆ ಯಾರದೋ ಅವನು ದಿಕ್ಕು ತೋರಿಸಲಿ, ಇನ್ನೊಬ್ಬ ಕೈ ಇಳಿಸಲಿ. ವಿಸಲ್ ಜೋಡಿಯಾದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಬೆರಳು ಜೋಡಿಯಾದರೇ ಗಲಾಟೆ.

ಲಕ್ಷಣ: ವಿಸಲ್ ಬಂತು, ದಿಕ್ಕು ಬರಲಿಲ್ಲ

ರೆಫರಿ ಕೈ ಎತ್ತಿ ನಿಂತಿದ್ದಾನೆ. ಎರಡು ಸೆಕೆಂಡ್ ಆಯಿತು. ಎರಡೂ ತಂಡಗಳು ‘ನಮ್ಮದು, ನಮ್ಮದು’ ಅಂತ ಬೆರಳು ತೋರಿಸುತ್ತಿವೆ. ಅವನ ಮುಖದಲ್ಲಿ ಸಾಲ ಕೇಳಲು ಬಂದವನ ಸಂಕೋಚ. ಗೆರೆ ಕಂಡಿದೆ, ಕೈ ಕಂಡಿಲ್ಲ ಅಂತ ಇದರ ಅರ್ಥ. ನಿಜ ಹೇಳಬೇಕೆಂದರೆ ಇದು ಒಳ್ಳೆಯ ಲಕ್ಷಣ. ಅವನು ಊಹೆ ಮಾಡಿ ಹೇಳಿಲ್ಲ.

ಇಲ್ಲಿ ಜೊತೆಗಾರನ ಕೆಲಸ ಶುರುವಾಗುತ್ತದೆ. ಇದನ್ನು ಪಂದ್ಯಕ್ಕೆ ಮುಂಚೆಯೇ ಮಾತಾಡಿಕೊಂಡಿರಬೇಕು. ನಾವು ಮಾಡಿಕೊಳ್ಳುವ ಒಪ್ಪಂದ ಹೀಗಿದೆ. ವಿಸಲ್ ಊದಿದವನು ಕೈ ಕಾಣದಿದ್ದರೆ ತಕ್ಷಣ ಜೊತೆಗಾರನ ಕಡೆ ನೋಡಬೇಕು. ಜೊತೆಗಾರನಿಗೆ ಖಾತ್ರಿ ಇದ್ದರೆ ಎದೆಯ ಹತ್ತಿರ ಚಿಕ್ಕದಾಗಿ ದಿಕ್ಕು ತೋರಿಸುತ್ತಾನೆ. ಗೊತ್ತಿಲ್ಲದಿದ್ದರೆ ಎರಡೂ ಹೆಬ್ಬೆರಳು ಮೇಲೆ. ಅದು ಜಂಪ್ ಬಾಲ್ ಸನ್ನೆ. ಅಲ್ಲಿಗೆ ಮಾತು ಮುಗಿಯಿತು. ಟೇಬಲ್ ಮೇಲಿನ ಆರೋ, ಅಂದರೆ ಸರದಿ ತೋರಿಸುವ ಬಾಣ, ಯಾವ ಕಡೆ ಇದೆಯೋ ಆ ತಂಡಕ್ಕೆ ಚೆಂಡು.

ಫಿಬಾ ನಿಯಮ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಇಬ್ಬರು ಎದುರಾಳಿಗಳಿಗೆ ಒಟ್ಟಿಗೆ ತಾಗಿ ಔಟ್ ಆದರೂ, ಯಾರಿಗೆ ಕೊನೆಗೆ ತಾಗಿತು ಅಂತ ರೆಫರಿಗಳಿಗೆ ಅನುಮಾನ ಇದ್ದರೂ, ಅದು ಜಂಪ್ ಬಾಲ್ ಸನ್ನಿವೇಶ. ನಮ್ಮಲ್ಲಿ ಕೆಲವರು ಆರೋಗೆ ಹೋಗುವುದನ್ನು ಸೋಲು ಅಂದುಕೊಳ್ಳುತ್ತಾರೆ. ಇನ್ನು ಕೆಲವರು ಪ್ರತಿ ಗಟ್ಟಿ ತೀರ್ಪಿಗೂ ಆರೋ ಹಿಂದೆ ಅಡಗಿಕೊಳ್ಳುತ್ತಾರೆ. ಒಂದು ಪಂದ್ಯದಲ್ಲಿ ಅದು ಮೂರ್ನಾಲ್ಕು ಸಲ ಆದರೆ ನೀವು ನಿಲ್ಲುವ ಜಾಗವನ್ನೇ ಪರೀಕ್ಷಿಸಬೇಕು ಅನ್ನುವುದು ನನ್ನ ಅಭಿಪ್ರಾಯ.

ಆಟಗಾರರ ಮುಖ ನೋಡಿ ತೀರ್ಪು ಕೊಡಬಹುದಾ ಅಂತ ಬಹಳ ಜನ ಕೇಳುತ್ತಾರೆ. ಚೆಂಡು ತಾಗಿದವನು ಮೊದಲ ಕ್ಷಣದಲ್ಲಿ ಡಿಫೆನ್ಸ್ ಕಡೆ ತಿರುಗಿಬಿಡುವುದುಂಟು. ಆಮೇಲೆ ನೆನಪಾಗಿ ಕೈ ಎತ್ತುತ್ತಾನೆ. ನಾನು ಅದನ್ನು ನೋಡುತ್ತೇನೆ, ನಂಬುವುದಿಲ್ಲ. ಅದಕ್ಕಿಂತ ಚೆಂಡನ್ನು ನಂಬುವುದು ಮೇಲು. ಬೆರಳು ತಾಗಿದ ಚೆಂಡಿನ ತಿರುಗು ಬದಲಾಗುತ್ತದೆ, ದಾರಿ ಸ್ವಲ್ಪ ಸೊಟ್ಟಗಾಗುತ್ತದೆ. ಚೆಂಡು ಕೈಯಿಂದ ಹೊರಟಾಗಲೇ ನೋಡುತ್ತಿದ್ದರೆ ಮಾತ್ರ ಅದು ಕಾಣುತ್ತದೆ, ಗೆರೆ ದಾಟಿದ ಮೇಲೆ ನೋಡಿದರೆ ಕಾಣುವುದಿಲ್ಲ.

ಲಕ್ಷಣ: ಗಟ್ಟಿ ದನಿಯಲ್ಲಿ ತಪ್ಪು ತೀರ್ಪು

ಗೆರೆಯ ಯಜಮಾನ ‘ಕೆಂಪು!’ ಅಂತ ದಿಕ್ಕು ತೋರಿಸಿಬಿಟ್ಟ. ಎದುರು ನಿಂತ ನಿಮಗೆ ಕೆಂಪಿನವನ ಬೆರಳೇ ಕೊನೆಗೆ ತಾಗಿದ್ದು ಹಗಲಿನಷ್ಟು ಸ್ಪಷ್ಟ. ಚೆಂಡು ನೀಲಿಗೆ ಹೋಗಬೇಕು. ಏನು ಮಾಡುತ್ತೀರಿ?

ಇಲ್ಲಿ ಎರಡು ತಪ್ಪು ಮದ್ದುಗಳಿವೆ. ಒಂದು, ಅವನ ಗೆರೆ, ಅವನ ಹಣೆಬರಹ ಅಂತ ಸುಮ್ನೆ ಇರುವುದು. ಇನ್ನೊಂದು, ದೂರದಿಂದಲೇ ಉಲ್ಟಾ ದಿಕ್ಕು ತೋರಿಸುವುದು. ಎರಡನೆಯದು ನಿಯಮದಲ್ಲೂ ಇಲ್ಲ. ಒಬ್ಬ ರೆಫರಿ ತನ್ನ ಕೆಲಸದ ವ್ಯಾಪ್ತಿಯಲ್ಲಿ ಕೊಟ್ಟ ತೀರ್ಪನ್ನು ಇನ್ನೊಬ್ಬ ತಳ್ಳಿಹಾಕುವಂತಿಲ್ಲ. ರೆಫರಿಗಳ ಮುಖ್ಯಸ್ಥ, ಅಂದರೆ ಕ್ರೂ ಚೀಫ್ ಆಗಿದ್ದರೂ ಅಷ್ಟೇ.

ಮಾಡಬೇಕಾದ್ದು ಇದು. ಚೆಂಡು ಥ್ರೋ-ಇನ್ ಮಾಡುವವನ ಕೈ ಸೇರುವ ಮುಂಚೆ ಒಂದು ಚಿಕ್ಕ ವಿಸಲ್ ಊದಿ. ಚುರುಕಾಗಿ ಅವನ ಹತ್ತಿರ ಹೋಗಿ. ಕಿವಿಯಲ್ಲಿ ಕಂಡದ್ದನ್ನು ಹೇಳಿ: ‘ಕೆಂಪು ಏಳು, ಕೊನೇ ಬೆರಳು, ನನಗೆ ಪೂರ್ತಿ ಕಂಡಿತು.’ ತೀರ್ಪು ಹೇಳಬೇಡಿ, ಮಾಹಿತಿ ಕೊಡಿ. ಬದಲಾಯಿಸುವುದು ಅವನ ಕೆಲಸ, ಅವನ ಕೈಯಿಂದಲೇ ಹೊಸ ದಿಕ್ಕು ಬರಲಿ. ಹೀಗೆ ಮಾಡಿದಾಗ ಕೋಚ್‌ಗಳು ಗೊಣಗುವುದು ಕಡಿಮೆ ಅನ್ನುವುದು ನನ್ನ ಅನುಭವ. ತಪ್ಪು ತಿದ್ದಿದ್ದಕ್ಕೆ ಯಾರೂ ಕಾಲರ್ ಹಿಡಿಯುವುದಿಲ್ಲ.

ಖಾತ್ರಿ ಇಲ್ಲದೆ ಮಾತ್ರ ಹೋಗಬೇಡಿ. ‘ನನಗೇನೋ ನೀಲಿ ಅನ್ನಿಸಿತಪ್ಪ’ ಅನ್ನುವುದು ಮಾಹಿತಿ ಆಗುವುದಿಲ್ಲ. ಹಾಗೆ ಹೇಳಿದರೆ ಇದ್ದ ಒಂದು ಅನುಮಾನ ಎರಡಾಗುತ್ತದೆ.

ಗೆರೆಯ ಯಜಮಾನ ಯಾಕೆ ಅಷ್ಟು ಗಟ್ಟಿಯಾಗಿ ತಪ್ಪು ಹೇಳಿದ? ಮೂರು ಜಾಗ ತಡಕಿ ನೋಡಿ. ಒಂದು, ಆಟಗಾರರ ಬೆನ್ನಿನ ಸಾಲಿನಲ್ಲಿ ಸಿಕ್ಕಿಹಾಕಿಕೊಂಡಿದ್ದ. ಒಂದೇ ಒಂದು ಹೆಜ್ಜೆ ಪಕ್ಕಕ್ಕೆ ಇಟ್ಟಿದ್ದರೆ ಸಂದು ತೆರೆಯುತ್ತಿತ್ತು. ಎರಡು, ಓಡುತ್ತಾ ನೋಡಿದ. ಓಡುವಾಗ ತಲೆ ಕುಣಿಯುತ್ತದೆ, ಕಂಡದ್ದೂ ಕುಣಿಯುತ್ತದೆ. ಮುಂಚೆ ಓಡಿ ಹೋಗಿ, ತೀರ್ಪಿನ ಹೊತ್ತಿಗೆ ನಿಂತಿರಬೇಕು. ಮೂರು, ತೀರಾ ಹತ್ತಿರ ಇದ್ದ. ಇದನ್ನು ಜನ ನಂಬುವುದಿಲ್ಲ. ಒಂದು ಮೀಟರ್ ದೂರದಲ್ಲಿ ನಿಂತರೆ ಕಾಲು ಕಾಣುತ್ತದೆ, ಕೈ ಕಾಣುವುದಿಲ್ಲ. ಕೈ ನೋಡಲು ಹೋದರೆ ಕಾಲು ತಪ್ಪುತ್ತದೆ. ಮೂರ್ನಾಲ್ಕು ಮೀಟರ್ ಹಿಂದೆ ಸರಿದರೆ ಎರಡೂ ಒಂದೇ ನೋಟಕ್ಕೆ ಸಿಗುತ್ತವೆ.

ಇಬ್ಬರ ಜೋಡಿಗೆ ಒಂದು ಕುರುಡು ಮೂಲೆ ಕೂಡ ಇದೆ. ಕೋರ್ಟ್ 28 ಮೀಟರ್ ಉದ್ದ, 15 ಮೀಟರ್ ಅಗಲ. ಲೀಡ್‌ನ ಸೈಡ್‌ಲೈನಿನ ಮೇಲೆ, ನಡುಗೆರೆಯ ಹತ್ತಿರ ಚೆಂಡು ಔಟ್ ಆದರೆ ಬೇಸ್‌ಲೈನಿನಲ್ಲಿರುವ ಲೀಡ್‌ಗೆ ಅದು 14 ಮೀಟರ್ ದೂರ. ಟ್ರೇಲ್ ಹತ್ತಿರವಿದ್ದರೂ ಅಗಲದ ಆ ಬದಿಯಲ್ಲಿದ್ದಾನೆ, ಗೆರೆ ಅವನಿಗೆ ಅಡ್ಡ. ಅಲ್ಲಿ ಗೆರೆ ಲೀಡ್ ನೋಡಲಿ, ಕೈ ಟ್ರೇಲ್ ನೋಡಲಿ ಅಂತ ಮೊದಲೇ ಹಂಚಿಕೊಳ್ಳಿ. ನನ್ನ ಪ್ರಿ-ಗೇಮ್ ಮಾತುಕತೆಯಲ್ಲಿ ಅರ್ಧ ಸಮಯ ಹೋಗುವುದು ಈ ಒಂದು ಮೂಲೆಗೇ.

ಲಕ್ಷಣ: ವಿಸಲ್ಲೇ ಇಲ್ಲ

ಇದು ಸಾಮಾನ್ಯವಾಗಿ ಲೀಡ್‌ನ ಬೇಸ್‌ಲೈನ್ ಮತ್ತು ಟ್ರೇಲ್‌ನ ಸೈಡ್‌ಲೈನ್ ಸೇರುವ ಮೂಲೆಯಲ್ಲಿ ಆಗುತ್ತದೆ. ಅವನು ಊದುತ್ತಾನೆ ಅಂತ ಇವನು, ಇವನು ಊದುತ್ತಾನೆ ಅಂತ ಅವನು. ನಾವು ಆ ಮೂಲೆಯನ್ನು ಲೀಡ್‌ಗೆ ಕೊಟ್ಟಿದ್ದೇವೆ. ನೀವು ಟ್ರೇಲ್‌ಗೆ ಕೊಡಿ ಬೇಕಾದರೆ. ಯಾರಿಗಾದರೂ ಕೊಟ್ಟಿರಬೇಕು, ಅಷ್ಟೇ.

ಲಕ್ಷಣ: ತೀರ್ಪು ಸರಿ, ಆದರೂ ಅನ್ಯಾಯ

ಇದನ್ನು ಕಂಡುಹಿಡಿಯುವುದೇ ಕಷ್ಟ, ಯಾಕೆಂದರೆ ಕಾಗದದ ಮೇಲೆ ಎಲ್ಲ ಸರಿ ಇರುತ್ತದೆ. ನೀಲಿಯವನು ಕೆಂಪಿನವನ ಮುಂಗೈಗೆ ಹೊಡೆದ. ಚೆಂಡು ಕೆಂಪಿನವನ ಕೈಯಿಂದಲೇ ಜಾರಿ ಔಟ್ ಆಯಿತು. ಕೊನೆಗೆ ತಾಗಿದ್ದು ಕೆಂಪಿಗೆ, ಚೆಂಡು ನೀಲಿಗೆ. ಫೌಲ್ ಮಾಡಿದವನಿಗೇ ಬಹುಮಾನ!

ಇಬ್ಬರು ರೆಫರಿಗಳೂ ಚೆಂಡಿನ ಹಿಂದೆ ಕಣ್ಣು ಓಡಿಸಿದ್ದೇ ಇಲ್ಲಿಯ ದೋಷ. ಆಟ ಹುಟ್ಟಿದಾಗಲೇ ಈ ತೊಂದರೆಗೆ ಒಂದು ಉತ್ತರ ಇತ್ತು ನೋಡಿ. 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಬರೆದ 13 ನಿಯಮಗಳಲ್ಲಿ ಇಬ್ಬರು ಅಧಿಕಾರಿಗಳಿದ್ದರು. ಅಂಪೈರ್ ಆಟಗಾರರನ್ನು ನೋಡಬೇಕು, ಫೌಲ್ ಅವನದು. ರೆಫರಿ ಚೆಂಡನ್ನು ನೋಡಬೇಕು, ಚೆಂಡು ಒಳಗಿದೆಯೋ ಹೊರಗಿದೆಯೋ, ಯಾವ ತಂಡದ್ದು ಅನ್ನುವುದು ಅವನದು. ಆಗ ಔಟ್ ಆದ ಚೆಂಡು ಮೊದಲು ಮುಟ್ಟಿದವನಿಗೆ ಸೇರುತ್ತಿತ್ತು. ಜಗಳ ಬಂದರೆ ಅಂಪೈರ್ ಅದನ್ನು ನೇರ ಕೋರ್ಟ್ ಒಳಗೆ ಎಸೆಯುತ್ತಿದ್ದ. ಹೊರಗೆ ಹೋದ ಚೆಂಡಿಗಾಗಿ ಎಂಥ ನೂಕುನುಗ್ಗಲು ಆಗಿರಬೇಕು, ಊಹಿಸಿ. ಒಳಗೆ ಎಸೆಯಲು ಐದು ಸೆಕೆಂಡ್ ಅನ್ನುವುದು ಮಾತ್ರ ಅಂದಿನಿಂದ ಇಂದಿನವರೆಗೂ ಉಳಿದಿದೆ.

ಇವತ್ತು ಕೆಲಸ ಹಾಗೆ ಪೂರ್ತಿ ಬೇರೆ ಇಲ್ಲ. ಆದರೂ ಒಂದು ಚೆಂಡಿಗೆ ಇಬ್ಬರು ಹೊಡೆದಾಡುವಾಗ ಗೆರೆಯ ಯಜಮಾನ ಚೆಂಡು ನೋಡಲಿ, ಜೊತೆಗಾರ ಮುಂಗೈ, ಮೊಣಕೈ ನೋಡಲಿ. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯಲ್ಲಿ ಕೋಚ್ ಚಾಲೆಂಜ್ (ತೀರ್ಪನ್ನು ವಿಡಿಯೋದಲ್ಲಿ ಮತ್ತೆ ನೋಡಿ ಅಂತ ಕೋಚ್ ಕೇಳುವುದು) 2019-20ರ ಸೀಸನ್ನಿನಲ್ಲಿ ಬಂತು. 2024-25ರಿಂದ, ಔಟ್ ತೀರ್ಪನ್ನು ಚಾಲೆಂಜ್ ಮಾಡಿದಾಗ ಅಲ್ಲೇ ಹತ್ತಿರದಲ್ಲಿ ಕೊಡದೆ ಬಿಟ್ಟ ಫೌಲ್ ಇತ್ತೇ ಅಂತಲೂ ಪರದೆಯಲ್ಲಿ ನೋಡಬಹುದು. ಅಂದರೆ ಅಷ್ಟು ದೊಡ್ಡ ಲೀಗಿನಲ್ಲೂ ಈ ದೋಷ ತಲೆನೋವಾಗಿತ್ತು ಅಂತಲೇ ಅಲ್ವಾ?

ನಮ್ಮ ಸಿಮೆಂಟ್ ಕೋರ್ಟುಗಳಲ್ಲಿ ಪರದೆ ಎಲ್ಲಿಂದ ಬರಬೇಕು? ಯಾರೋ ಪ್ರೇಕ್ಷಕ ಮೊಬೈಲ್ ಹಿಡಿದು ಓಡಿಬರುತ್ತಾನೆ, ‘ಸಾರ್, ವಿಡಿಯೋ ನೋಡಿ’ ಅಂತ. ನೋಡಬೇಡಿ.

ಇಬ್ಬರ ಬದಲು ಮೂವರಿದ್ದರೆ

ಅರ್ಧ ಕಾಯಿಲೆ ತಾನಾಗಿಯೇ ವಾಸಿಯಾಗುತ್ತದೆ. ಲೀಡ್‌ಗೆ ಬೇಸ್‌ಲೈನ್ ಮಾತ್ರ. ಟ್ರೇಲ್ ಒಂದು ಸೈಡ್‌ಲೈನ್, ಮೂರನೆಯವನಾದ ಸೆಂಟರ್ ಎದುರಿನ ಸೈಡ್‌ಲೈನ್, ನಡುಗೆರೆ ಟ್ರೇಲ್‌ಗೆ. ಲೀಡ್ ಬುಟ್ಟಿಯ ಕೆಳಗಿಂದ ಇನ್ನೊಂದು ಬದಿಗೆ ದಾಟಿದಾಗ ಟ್ರೇಲ್ ಮತ್ತು ಸೆಂಟರ್ ಹೆಸರು ಬದಲಾಗುತ್ತದೆ, ಅವರ ಸೈಡ್‌ಲೈನ್ ಬದಲಾಗುವುದಿಲ್ಲ. ಹೊಸ ಟ್ರೇಲ್‌ಗೆ ನಡುಗೆರೆ ಬಂತು ಅನ್ನುವುದು ಮರೆತುಹೋಗುತ್ತದೆ, ಅಷ್ಟು ನೋಡಿಕೊಂಡರೆ ಸಾಕು.

ದೋಷ ಕೋರ್ಟಿನದೇ ಆಗಿದ್ದರೆ

ಪಂದ್ಯಕ್ಕೆ ಅರ್ಧ ಗಂಟೆ ಮುಂಚೆ ಗೆರೆಯ ಮೇಲೆ ಒಂದು ಸುತ್ತು ನಡೆಯಿರಿ. ಶಾಲೆಯ ಮೈದಾನದಲ್ಲಿ ವಾಲಿಬಾಲ್, ಬ್ಯಾಡ್ಮಿಂಟನ್, ಬ್ಯಾಸ್ಕೆಟ್‌ಬಾಲ್ ಗೆರೆಗಳು ರಂಗೋಲಿಯ ಹಾಗೆ ಒಂದರ ಮೇಲೊಂದು ಇರುತ್ತವೆ. ಯಾವುದು ನಮ್ಮದು ಅಂತ ಇಬ್ಬರು ಕೋಚ್‌ಗಳನ್ನೂ ಕರೆದು ತೋರಿಸಿ. ಗೆರೆಯಿಂದ 2 ಮೀಟರ್‌ವರೆಗೆ ಏನೂ ಇರಬಾರದು ಅನ್ನುವುದು ನಿಯಮ. ಬೆಂಚಿನಲ್ಲಿ ಕೂತವರ ಕಾಲಿಗೂ ಇದು ಅನ್ವಯ. ಚೀಲ, ನೀರಿನ ಬಾಟಲಿ, ಗೆರೆ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ ಹುಡುಗರು, ಎಲ್ಲರನ್ನೂ ಹಿಂದೆ ಕಳಿಸಿ. ನೀವೇ ಲೀಡ್ ಆಗಿ ನಿಲ್ಲಲು ಜಾಗ ಬೇಡವೇ?

ಬುಟ್ಟಿಯ ಹಿಂದಿನ ಬೋರ್ಡ್ ವಿಷಯವೂ ಇಲ್ಲೇ ಮುಗಿಸಿಬಿಡುತ್ತೇನೆ. ಬೋರ್ಡಿನ ಮೇಲಿನ ಅಂಚು, ಪಕ್ಕದ ಅಂಚು ತಾಗಿದರೆ ಆಟ ಮುಂದುವರಿಯುತ್ತದೆ. ಹಿಂಭಾಗ ಅಥವಾ ಕಂಬ ತಾಗಿದರೆ ಔಟ್. ರೆಫರಿಗೆ ತಾಗಿದರೆ ಅವನು ನಿಂತ ನೆಲಕ್ಕೆ ತಾಗಿದ ಹಾಗೆ. ಬೇಸ್‌ಲೈನ್ ಮೇಲೆ ಕಾಲಿಟ್ಟು ನಿಂತಿದ್ದಾಗ ನನ್ನ ಮೊಣಕಾಲಿಗೆ ಬಡಿದು ಒಳಗೆ ಹೋದ ಚೆಂಡಿಗೆ ನಾನೇ ವಿಸಲ್ ಊದಬೇಕಾಗಿ ಬಂದಿದೆ. ಪಾಪ, ಪಾಸ್ ಮಾಡಿದ ಹುಡುಗ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಅಂದಿನಿಂದ ಗೆರೆಯಿಂದ ಒಂದು ಮೀಟರ್ ಹಿಂದೆ ನಿಲ್ಲುತ್ತೇನೆ.

ರಿಪೇರಿ ಆದಮೇಲೆ ಓಡಿಸಿ ನೋಡುವುದು

ಖಾಲಿ ಕೋರ್ಟಿನಲ್ಲಿ ನಾಲ್ಕು ಹುಡುಗರು, ಒಂದು ಚೆಂಡು, ಇಬ್ಬರು ರೆಫರಿಗಳು ಸಾಕು. ಇಬ್ಬರು ಹುಡುಗರು ಗೆರೆಯ ಹತ್ತಿರ ಚೆಂಡಿಗೆ ಕಿತ್ತಾಡಲಿ, ಯಾವ ಕಡೆಯಾದರೂ ಹೊರಗೆ ಹೋಗಲಿ. ಗೆರೆ ಯಾರದೋ ಅವನೇ ಊದಬೇಕು. ಐದು ಸಲ ಆದಮೇಲೆ ಮೂರನೆಯ ಹುಡುಗ ‘ಫೌಲ್’ ಅಂತ ಕೂಗಲಿ. ರೆಫರಿಗಳು ಓಡಿ ಜಾಗ ಬದಲಾಯಿಸಲಿ, ತಕ್ಷಣ ಮುಂದಿನ ಚೆಂಡು ಹೊರಗೆ ಹೋಗಲಿ. ನಾಲ್ಕನೆಯವನು ಒಂದು ಕಾಗದದಲ್ಲಿ ಬರೆದುಕೊಳ್ಳಲಿ: ಎಷ್ಟು ಸಲ ಜೋಡಿ ವಿಸಲ್, ಎಷ್ಟು ಸಲ ಮೌನ, ಎಷ್ಟು ಸಲ ಒಬ್ಬ ಇನ್ನೊಬ್ಬನ ಕಣ್ಣು ನೋಡಿದ.

ನಾನೂ ನನ್ನ ಜೊತೆಗಾರನೂ ಮೊದಲ ಸಲ ಇದನ್ನು ಮಾಡಿದಾಗ, ಜಾಗ ಬದಲಾದ ನಂತರದ ಎಂಟು ಚೆಂಡುಗಳಲ್ಲಿ ಐದಕ್ಕೆ ಜೋಡಿ ವಿಸಲ್ ಬಂತು. ಕಾಗದ ಹಿಡಿದಿದ್ದ ಹುಡುಗ ನಗು ತಡೆಯಲಾರದೆ ಆ ಕಡೆ ತಿರುಗಿ ನಿಂತ.